ಮಂಕು ನಕ್ಷತ್ರಕ್ಕೆ ಓಟಿ ನೋಡುವುದು ಹೇಗೆ?

ಜನವರಿ ತಿಂಗಳು. ಮೂಡಿಗೆರೆ ಹತ್ತಿರ ದೊಡ್ಡಪ್ಪನ ತೋಟ. ಕೊಯ್ದ ಕಾಫಿ ಹಣ್ಣು ಕಣದಲ್ಲಿ ಒಣಗುತ್ತಿತ್ತು. ಈ ದಿನಗಳಲ್ಲಿ ರಾತ್ರಿ ಕಣ ಕಾಯಲೇಬೇಕು. ಕಾಫಿಗೆ ರೇಟು ಏರಿದ ಮೇಲಂತೂ ಕಳ್ಳರ ಭಯ ಜಾಸ್ತಿ. ಕಾಯುವ ನೆಪದಲ್ಲಿ ನಾನು ಒಂದು ಹಳೇ ಬೈನಾಕ್ಯುಲರ್ ಹಿಡಿದು ಕಣದ ಸಿಮೆಂಟಿನ ಮೇಲೆ ಕಂಬಳಿ ಹಾಸಿ ಮಲಗಿದ್ದೆ.

"ಏನೋ ಕಾಣ್ತದೆ ಅದ್ರಲ್ಲಿ?" ಅಂತ ದೊಡ್ಡಪ್ಪ ಕೇಳಿದರು.

"ಒಂದು ನಕ್ಷತ್ರ, ದೊಡ್ಡಪ್ಪ."

"ಮೇಲೆ ಅಷ್ಟೊಂದು ಚೆಲ್ಲಿದಾವೆ. ನಿಂಗೆ ಒಂದೇ ಕಾಣ್ತದಾ?"

ಕೇಳಿದ್ದು ಸರಿಯೇ. ಆದರೆ ನಾನು ಹುಡುಕುತ್ತಿದ್ದುದು ಆ ಒಂದನ್ನೇ. ಆಕಾಶದ ಅತಿ ಪ್ರಕಾಶದ ನಕ್ಷತ್ರ ಲುಬ್ಧಕ ನಿಮಗೆ ಗೊತ್ತಿರಬಹುದು. ಮಹಾವ್ಯಾಧನ ನಡುಪಟ್ಟಿಯ ಮೂರು ನಕ್ಷತ್ರಗಳ ಗೆರೆಯನ್ನು ಕೆಳಗೆ ಎಳೆದರೆ ಸಿಗುತ್ತದೆ. ಅದರ ಪಕ್ಕಕ್ಕೆ, ಪಶ್ಚಿಮದ ಕಡೆ, ಸ್ವಲ್ಪ ಕಡಿಮೆ ಬೆಳಕಿನ ಇನ್ನೊಂದು ನಕ್ಷತ್ರ ಇದೆ. ಅಲ್ಲಿಂದ ನೈಋತ್ಯಕ್ಕೆ, ಚಾಚಿದ ಕೈಯ ಮೂರು ಬೆರಳಿನಷ್ಟು ದೂರದಲ್ಲಿ, ಬರಿಗಣ್ಣಿಗೆ ಏನೂ ಇಲ್ಲ. ಬೈನಾಕ್ಯುಲರ್‌ನಲ್ಲಿ ಅಲ್ಲಿ ಮಂಕು ಚುಕ್ಕಿಗಳು ಕಾಣುತ್ತವೆ. ಅವುಗಳಲ್ಲಿ ಒಂದರ ಹೆಸರು ಗ್ಲೀಸೆ 229. ಮೊಲ ಎಂಬ ನಕ್ಷತ್ರಪುಂಜಕ್ಕೆ ಸೇರಿದ್ದು. ನಮ್ಮಿಂದ ಸುಮಾರು 19 ಜ್ಯೋತಿರ್ವರ್ಷ ದೂರ. ಆಕಾಶದ ಲೆಕ್ಕದಲ್ಲಿ ಇದು ಪಕ್ಕದ ಮನೆ.

ಆ ಚುಕ್ಕಿಯ ಪಕ್ಕದಲ್ಲೇ ಇನ್ನೊಂದು ಇದೆ. ಅದು ಯಾವ ಬೈನಾಕ್ಯುಲರಿಗೂ ಕಾಣುವುದಿಲ್ಲ. 1995ರಲ್ಲಿ ಅಮೆರಿಕದ ಪಾಲೋಮಾರ್ ಬೆಟ್ಟದ ದೂರದರ್ಶಕದಿಂದ ಅದನ್ನು ಕಂಡುಹಿಡಿದರು. ಆ ತಂಡದಲ್ಲಿ ತದಾಶಿ ನಕಾಜಿಮಾ, ಬೆನ್ ಒಪನ್‌ಹೈಮರ್ ಜೊತೆಗೆ ನಮ್ಮ ಹುಬ್ಬಳ್ಳಿಯಲ್ಲಿ ಓದಿ ಬೆಳೆದ ಶ್ರೀನಿವಾಸ ಕುಲಕರ್ಣಿ ಇದ್ದರು. ಸುಧಾ ಮೂರ್ತಿಯವರ ತಮ್ಮ ಅಂದರೆ ಬೇಗ ಗುರುತು ಸಿಗಬಹುದು. ಅವರು ಕಂಡದ್ದರ ಹೆಸರು ಗ್ಲೀಸೆ 229 ಬಿ. ಅದು ಕಂದು ಕುಬ್ಜ. ನಕ್ಷತ್ರ ಆಗಲು ಹೊರಟು ಆಗದೇ ಉಳಿದದ್ದು.

ಸಾವಿರಾರು ಪಟ್ಟು ಮಂಕಾಗಿ, ಇನ್ನೊಂದರ ಬೆಳಕಿನಲ್ಲಿ ಹುದುಗಿರುವ ಒಂದು ಚುಕ್ಕಿ. ಅದು ನಕ್ಷತ್ರವಲ್ಲ ಅಂತ ಅವರಿಗೆ ಹೇಗೆ ಗೊತ್ತಾಯಿತು? ಹಿಂದೆ ಎಲ್ಲೋ ದೂರದಲ್ಲಿರುವ ಸಾಮಾನ್ಯ ನಕ್ಷತ್ರ ಯಾಕಾಗಬಾರದು? ನನಗೆ ಹೇಳಬೇಕಾಗಿರುವುದು ಇದೊಂದೇ.

ಕಾಫಿ ಬೆಳೆಗಾರರಿಗೆ ಇದನ್ನು ಹೇಳುವುದು ಸುಲಭ. ಒಣಗಿದ ಚೆರ್ರಿ ಕಾಫಿ ಮಾರಲು ಹೋದರೆ ವ್ಯಾಪಾರಿ ಬರೀ ಚೀಲದ ತೂಕ ನೋಡಿ ದುಡ್ಡು ಕೊಡುವುದಿಲ್ಲ. ಚೀಲದಿಂದ ಒಂದಿಷ್ಟು ಸ್ಯಾಂಪಲ್ ತೆಗೆಯುತ್ತಾನೆ. ಸಿಪ್ಪೆ ಬಿಡಿಸಿ ಒಳಗಿನ ಬೀಜ ತೂಗುತ್ತಾನೆ. ಐವತ್ತು ಕೆಜಿ ಚೀಲಕ್ಕೆ 26 ಕೆಜಿ ಬೀಜ ಬರುವ ಲೆಕ್ಕವಾದರೆ 26 ಓಟಿ. ಔಟ್‌ಟರ್ನ್ ಎಂಬುದರ ಚಿಕ್ಕ ರೂಪ ಇದು. ಎರಡು ಚೀಲದ ತೂಕ ಒಂದೇ ಇದ್ದರೂ ಓಟಿ ಬೇರೆ ಇರಬಹುದು. ನಕ್ಷತ್ರದ ಪ್ರಕಾಶ ಅನ್ನುವುದು ಚೀಲದ ತೂಕ ಇದ್ದ ಹಾಗೆ. ಒಳಗೆ ಏನಿದೆ ಅಂತ ಅದು ಹೇಳುವುದಿಲ್ಲ. ಓಟಿ ನೋಡಬೇಕು ಅಂದರೆ ಬೆಳಕಿನ ಸಿಪ್ಪೆ ಬಿಡಿಸಬೇಕು. ಹಾಗೆ ಬಿಡಿಸಿ ಹರವಿದ ಬೆಳಕಿಗೆ ರೋಹಿತ ಅಂತ ಹೆಸರು. ಇಂಗ್ಲಿಷಿನಲ್ಲಿ ಸ್ಪೆಕ್ಟ್ರಮ್.

ಮೊದಲು ಈ ಕಂದು ಕುಬ್ಜ ಅಂದರೆ ಏನು ಅಂತ ನೋಡಿಬಿಡೋಣ.

ಅನಿಲದ ದೊಡ್ಡ ಮೋಡ ತನ್ನ ಭಾರಕ್ಕೇ ಕುಸಿದಾಗ ನಕ್ಷತ್ರ ಹುಟ್ಟುತ್ತದೆ. ಕುಸಿದಂತೆ ನಡುಭಾಗ ಬಿಸಿಯಾಗುತ್ತದೆ. ಸುಮಾರು 30 ಲಕ್ಷ ಡಿಗ್ರಿ ದಾಟಿದರೆ ಹೈಡ್ರೋಜನ್ ಬೆಸೆದು ಹೀಲಿಯಂ ಆಗುವುದು ನಿಲ್ಲದೆ ನಡೆಯುತ್ತದೆ. ಒಲೆ ಹೊತ್ತಿಕೊಂಡಿತು. ಇನ್ನು ಕೋಟ್ಯಂತರ ವರ್ಷ ಯೋಚನೆ ಇಲ್ಲ. ಆದರೆ ಮೋಡದಲ್ಲಿ ಸರಕು ಕಡಿಮೆ ಇದ್ದರೆ? ಕುಸಿಯುತ್ತಾ ಕುಸಿಯುತ್ತಾ ಒಂದು ಹಂತದಲ್ಲಿ ಇಲೆಕ್ಟ್ರಾನುಗಳು ಒತ್ತೊತ್ತಾಗಿ, ಇನ್ನು ಒಳಗೆ ಜಾಗ ಇಲ್ಲ ಅಂತ ತಡೆಯುತ್ತವೆ. ಕುಸಿತ ನಿಲ್ಲುತ್ತದೆ. ಬಿಸಿ ಏರುವುದೂ ನಿಲ್ಲುತ್ತದೆ. ಒಲೆ ಹೊತ್ತುವುದೇ ಇಲ್ಲ.

ಈ ಗಡಿ ಸೂರ್ಯನ ತೂಕದ ಶೇಕಡಾ 7.5ರ ಆಸುಪಾಸಿನಲ್ಲಿದೆ. ಗುರು ಗ್ರಹದ ಲೆಕ್ಕದಲ್ಲಿ 75ರಿಂದ 80 ಪಟ್ಟು. ಅದಕ್ಕಿಂತ ಸ್ವಲ್ಪ ಮೇಲಿದ್ದರೆ ಕೆಂಪು ಕುಬ್ಜ. ಅಂದರೆ ಕಡಿಮೆ ತೂಕದ, ಆದರೆ ನಿಜವಾದ ನಕ್ಷತ್ರ. ಕೆಳಗಿದ್ದರೆ ಕಂದು ಕುಬ್ಜ. ಇನ್ನೂ ಕೆಳಗೆ, ಗುರುವಿನ ಸುಮಾರು 13 ಪಟ್ಟು ತೂಕದಲ್ಲಿ, ಇನ್ನೊಂದು ಗಡಿ ಎಳೆಯುತ್ತಾರೆ. ಅದಕ್ಕಿಂತ ಮೇಲಿದ್ದರೆ ಭಾರದ ಹೈಡ್ರೋಜನ್ ಆದ ಡ್ಯುಟೀರಿಯಂ ಕೆಲಕಾಲ ಉರಿಯುತ್ತದೆ. ಚಿಟಿಕೆಯಷ್ಟೇ ಇರುವುದರಿಂದ ಬೇಗ ಮುಗಿದೂ ಹೋಗುತ್ತದೆ.

ಇದನ್ನೆಲ್ಲ ಮೊದಲು ಲೆಕ್ಕ ಹಾಕಿ ತೋರಿಸಿದವರಲ್ಲಿ ಭಾರತದಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಶಿವ ಕುಮಾರ್ ಮುಖ್ಯರು. ಅದು 1960ರ ದಶಕದ ಆರಂಭ. ಅವರು ಇಟ್ಟ ಹೆಸರು ಕಪ್ಪು ಕುಬ್ಜ. ಆ ಹೆಸರು ಬೇರೆಯದಕ್ಕೂ ಬಳಕೆಯಲ್ಲಿತ್ತು. ಹಾಗಾಗಿ 1975ರಲ್ಲಿ ಜಿಲ್ ಟಾರ್ಟರ್ ಕಂದು ಕುಬ್ಜ ಅಂದರು. ಅದೇ ನಿಂತಿತು. ಬಣ್ಣಕ್ಕೂ ಈ ಹೆಸರಿಗೂ ಸಂಬಂಧ ಇಲ್ಲ. ಹತ್ತಿರ ಹೋಗಿ ನೋಡಿದರೆ ಕೆಲವು ಕಂದು ಕುಬ್ಜಗಳು ಮಂಕು ನೇರಳೆಗೆಂಪಾಗಿ ಕಂಡಾವು. ಹೆಸರಿಡುವಾಗ ಯಾರೂ ಒಂದನ್ನೂ ನೋಡಿರಲಿಲ್ಲ. ಮೊದಲನೆಯದು ಸಿಗಲು ಇನ್ನೂ 20 ವರ್ಷ ಬೇಕಾಯಿತು.

ನಮ್ಮಲ್ಲಿ ಬೂದಿ ಮುಚ್ಚಿದ ಕೆಂಡ ಅನ್ನುವ ಮಾತಿದೆ. ಸಾಮಾನ್ಯವಾಗಿ ಒಳಗೊಳಗೇ ಕುದಿಯುವ ಜಗಳಕ್ಕೆ ಬಳಸುತ್ತೇವೆ. ಕಂದು ಕುಬ್ಜಕ್ಕೆ ಅದು ಅಕ್ಷರಶಃ ಒಪ್ಪುತ್ತದೆ. ಬಚ್ಚಲುಮನೆಯ ಹಂಡೆ ಒಲೆಗೆ ರಾತ್ರಿ ಸೌದೆ ಹಾಕುವುದು ನಿಲ್ಲಿಸಿದರೂ ಬೆಳಗಿನ ಜಾವದವರೆಗೆ ಬಿಸಿ ಇರುತ್ತದಲ್ಲ, ಹಾಗೆ. ಹೊಸ ಸೌದೆ ಇಲ್ಲ. ಹುಟ್ಟುವಾಗಿನ ಕುಸಿತದ ಬಿಸಿಯೇ ಆಸ್ತಿ. ಅದನ್ನೇ ಕೋಟ್ಯಂತರ ವರ್ಷ ಮೆಲ್ಲಗೆ ಖರ್ಚು ಮಾಡುತ್ತಾ ತಣ್ಣಗಾಗುತ್ತದೆ.

ತೊಡಕು ಶುರುವಾಗುವುದು ಇಲ್ಲೇ. ಹೊಸದಾಗಿ ಹುಟ್ಟಿದ ಕಂದು ಕುಬ್ಜ ಚೆನ್ನಾಗಿಯೇ ಬಿಸಿ ಇರುತ್ತದೆ, ಹೊಳೆಯುತ್ತದೆ. ಹಳೆಯ, ಸಣ್ಣ ಕೆಂಪು ಕುಬ್ಜವೂ ಅಷ್ಟೇ ಬಿಸಿ ಇರಬಹುದು. ದೂರದಿಂದ ನೋಡಿದರೆ ಎರಡೂ ಒಂದೇ. ಒಂದು ಉರಿಯುತ್ತಿರುವ ಒಲೆ, ಇನ್ನೊಂದು ಆರುತ್ತಿರುವ ಕೆಂಡ. ಬೆಳಕಿನ ಪ್ರಮಾಣ ಮಾತ್ರ ನೋಡಿ ಯಾವುದು ಯಾವುದು ಅಂತ ಹೇಳಲಾಗದು. ಗಾತ್ರದಿಂದಲೂ ಹೇಳಲಾಗದು. ವಯಸ್ಸಾದ ಕಂದು ಕುಬ್ಜಗಳು ತೂಕ ಎಷ್ಟೇ ಇರಲಿ, ಹೆಚ್ಚು ಕಡಿಮೆ ಗುರು ಗ್ರಹದಷ್ಟೇ ದಪ್ಪ.

ಸರಿ, ಬೆಳಕನ್ನು ಬಿಡಿಸೋಣ. ಯಾವ ಬೆಳಕನ್ನು?

ಕುಲುಮೆಯಲ್ಲಿ ಕಬ್ಬಿಣ ಕಾಯಿಸುವುದನ್ನು ನೋಡಿದ್ದೀರಾ? ಮೊದಲು ಮಂಕು ಕೆಂಪು, ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಬಿಸಿ ಏರಿದಂತೆ ಬಣ್ಣ ನೀಲಿಯ ಕಡೆಗೆ ಸರಿಯುತ್ತದೆ. ಕುಲುಮೆಯಿಂದ ತೆಗೆದು ಬದಿಗಿಟ್ಟರೆ ಬಣ್ಣ ಆರುತ್ತದೆ. ಆದರೆ ಮುಟ್ಟಿದರೆ ಕೈ ಸುಡುತ್ತದೆ. ಬೆಳಕು ನಿಂತಿಲ್ಲ. ನಮ್ಮ ಕಣ್ಣಿಗೆ ಕಾಣದ ಕಡೆಗೆ ಇಳಿದಿದೆ ಅಷ್ಟೇ. ಕೆಂಪಿನಾಚೆಯ ಆ ಬೆಳಕೇ ಅವಗೆಂಪು, ಇನ್‌ಫ್ರಾರೆಡ್. 1800ರಲ್ಲಿ ವಿಲಿಯಂ ಹರ್ಷೆಲ್ ಗಾಜಿನ ಪಟ್ಟಕದಿಂದ ಬಿಸಿಲನ್ನು ಬಣ್ಣಗಳಾಗಿ ಹರಡಿ, ಒಂದೊಂದು ಬಣ್ಣಕ್ಕೂ ಥರ್ಮಾಮೀಟರ್ ಇಟ್ಟು ನೋಡಿದ. ಕೆಂಪು ಮುಗಿದ ಜಾಗದಲ್ಲಿ, ಏನೂ ಕಾಣದ ಕಡೆ ಇಟ್ಟ ಥರ್ಮಾಮೀಟರ್ ಎಲ್ಲಕ್ಕಿಂತ ಮೇಲೇರಿತು.

ಇದಕ್ಕೆ ಒಂದು ಸರಳ ಲೆಕ್ಕ ಇದೆ. ವೀನ್ ಎಂಬುವರ ನಿಯಮ. 2898ನ್ನು ವಸ್ತುವಿನ ಕೆಲ್ವಿನ್ ಉಷ್ಣತೆಯಿಂದ (ನಮ್ಮ ಸೆಲ್ಸಿಯಸ್ ಡಿಗ್ರಿಗೆ 273 ಕೂಡಿಸಿದ್ದು) ಭಾಗಿಸಿ. ಅದು ಯಾವ ತರಂಗಾಂತರದಲ್ಲಿ, ಅಂದರೆ ಎಷ್ಟು ಉದ್ದದ ಬೆಳಕಿನ ಅಲೆಯಲ್ಲಿ, ಅತಿ ಹೆಚ್ಚು ಹೊಳೆಯುತ್ತದೆ ಅಂತ ಮೈಕ್ರಾನಿನಲ್ಲಿ ಉತ್ತರ ಬರುತ್ತದೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಸೂರ್ಯನಿಗೆ ಸುಮಾರು 0.5, ನಮ್ಮ ಕಣ್ಣಿನ ಹದ್ದಿನೊಳಗೆ. 3000 ಕೆಲ್ವಿನ್ ಕೆಂಪು ಕುಬ್ಜಕ್ಕೆ ಸುಮಾರು 1. ಗ್ಲೀಸೆ 229 ಬಿ 1000 ಕೆಲ್ವಿನಿಗೆ ತುಸು ಕಡಿಮೆ, ಅಂದರೆ ನಮ್ಮ 700 ಡಿಗ್ರಿಯ ಆಸುಪಾಸು. ಅದಕ್ಕೆ ಸುಮಾರು 3 ಮೈಕ್ರಾನ್. ನಮ್ಮ ಮೈ, ನಮ್ಮ ಗೋಡೆ, ದೊಡ್ಡಪ್ಪನ ಕಣ, ಎಲ್ಲಕ್ಕೂ ಸುಮಾರು 10. ನಾವೂ ಹೊಳೆಯುತ್ತಲೇ ಇದ್ದೇವೆ. ಕಾಣುವುದಿಲ್ಲ ಅಷ್ಟೇ.

ಇದು ದೂರದ ಮಾತಲ್ಲ. ನಮ್ಮ ಪಕ್ಕದ ಹಾಸನದಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆ. 1982ರಿಂದ ಅಲ್ಲಿಂದ ಇನ್ಸಾಟ್ ಉಪಗ್ರಹಗಳನ್ನು ನೋಡಿಕೊಳ್ಳುತ್ತಾರೆ. ಆ ದೊಡ್ಡ ಬಿಳಿ ಡಿಶ್‌ಗಳನ್ನು ಬಸ್ಸಿನಿಂದ ನೋಡಿದವರಿದ್ದಾರೆ. ಹವಾಮಾನ ನೋಡಲು ಹಾರಿಸಿದ ಇನ್ಸಾಟ್-3ಡಿ ಸಾಲಿನ ಉಪಗ್ರಹಗಳ ಕ್ಯಾಮೆರಾಕ್ಕೆ ಆರು ಚಾನೆಲ್. ಅದರಲ್ಲಿ ಒಂದೇ ಒಂದು ಕಣ್ಣಿಗೆ ಕಾಣುವ ಬೆಳಕಿನದು. ಉಳಿದ ಐದೂ ಅವಗೆಂಪಿನವು. ರಾತ್ರಿ ಹೊತ್ತಿನ ಮೋಡದ ಚಿತ್ರ ಟಿವಿಯಲ್ಲಿ ಬರುವುದು ಹೀಗೆ. ಬಿಸಿಲು ಬೇಕಿಲ್ಲ. ನೆಲ ಮತ್ತು ಮೋಡದ ಸ್ವಂತ ಬಿಸಿಯನ್ನೇ ಸುಮಾರು 11 ಮತ್ತು 12 ಮೈಕ್ರಾನಿನಲ್ಲಿ ನೋಡುತ್ತದೆ. 6.5ರಿಂದ 7.1 ಮೈಕ್ರಾನಿನ ಇನ್ನೊಂದು ಚಾನೆಲ್ ಇದೆ. ಅದು ನೀರಾವಿಯದು. ಅಲ್ಲಿ ನೀರಾವಿ ಬೆಳಕನ್ನು ಹೀರುತ್ತದೆ. ಎಲ್ಲಿ ಎಷ್ಟು ಹೀರಿದೆ ಅಂತ ನೋಡಿ ಗಾಳಿಯಲ್ಲಿ ತೇವ ಎಷ್ಟಿದೆ ಅಂತ ತಿಳಿಯುತ್ತಾರೆ.

ಕಂದು ಕುಬ್ಜದ ಮೇಲೆ ಮಾಡುವುದೂ ಇದನ್ನೇ. ಆರು ಚಾನೆಲ್ ಬದಲು ನೂರಾರು, ಸಾವಿರಾರು ಚಾನೆಲ್. ದೂರ 36 ಸಾವಿರ ಕಿಲೋಮೀಟರ್ ಬದಲು 19 ಜ್ಯೋತಿರ್ವರ್ಷ.

ರೋಹಿತವನ್ನು ಓದುವಾಗ ನೋಡುವುದು ಇರುವ ಬೆಳಕಿಗಿಂತ ಇಲ್ಲದ ಬೆಳಕನ್ನು. ಹಾಜರಿ ಪುಸ್ತಕದಲ್ಲಿ ಗೈರುಹಾಜರಾದವರನ್ನು ಹುಡುಕಿದ ಹಾಗೆ. ನೀರಿನ ಅಣು ಅಂದರೆ ಒಂದು ಆಮ್ಲಜನಕಕ್ಕೆ ಎರಡು ಹೈಡ್ರೋಜನ್ ಸ್ಪ್ರಿಂಗಿನಲ್ಲಿ ಕಟ್ಟಿದಂತೆ. ಅದು ಕುಣಿಯುತ್ತಿರುತ್ತದೆ. ಅದಕ್ಕೆ ತನ್ನದೇ ಕುಣಿತದ ಲಯ ಇದೆ. ಪಕ್ಕದಲ್ಲಿ ಅದೇ ಶ್ರುತಿ ಹೊರಟರೆ ಮಾತ್ರ ತಂಬೂರಿ ತಂತಿ ತಾನಾಗಿ ಮಿಡಿಯುತ್ತದಲ್ಲ, ಹಾಗೆ ಅಣುವೂ ತನ್ನ ಲಯಕ್ಕೆ ಹೊಂದುವ ಬೆಳಕನ್ನು ಮಾತ್ರ ಹೀರುತ್ತದೆ. ಉಳಿದದ್ದನ್ನು ಹೋಗಲು ಬಿಡುತ್ತದೆ. ನೀರಾವಿ 1.4 ಮತ್ತು 1.9 ಮೈಕ್ರಾನ್ ಸುತ್ತ ದೊಡ್ಡ ಹೊಂಡ ತೋಡುತ್ತದೆ. ಕಾರ್ಬನ್ ಮೋನಾಕ್ಸೈಡ್ 2.3ರಲ್ಲಿ. ಮೀಥೇನ್ 1.6, 2.2, 3.3ರಲ್ಲಿ. ಇಂಥ ಅಣುಗಳ ಕುಣಿತದ ಲಯಗಳೆಲ್ಲ ಅವಗೆಂಪಿನಲ್ಲೇ ಹೆಚ್ಚು ಬೀಳುತ್ತವೆ. ಹಾಗಾಗಿ ಕಂದು ಕುಬ್ಜಕ್ಕೆ ಅವಗೆಂಪು ಎರಡು ರೀತಿಯಲ್ಲಿ ಬೇಕು. ಅದು ಹೊಳೆಯುವುದೂ ಅಲ್ಲೇ, ಅದರ ಗಾಳಿ ಸಹಿ ಹಾಕುವುದೂ ಅಲ್ಲೇ.

ಗ್ಲೀಸೆ 229 ಬಿಯ ರೋಹಿತ ತೆಗೆದಾಗ ಎದ್ದು ಕಂಡದ್ದು ಮೀಥೇನ್. ನಮ್ಮ ಗೋಬರ್ ಗ್ಯಾಸಿನ ಮೀಥೇನೇ. ಗುರು ಗ್ರಹದ ಗಾಳಿಯಲ್ಲೂ ಅದು ಇದೆ. ಆದರೆ ನಕ್ಷತ್ರದ ಬಿಸಿಯಲ್ಲಿ ಮೀಥೇನ್ ಬಾಳುವುದಿಲ್ಲ. ಅಲ್ಲಿ ಇಂಗಾಲವೆಲ್ಲ ಆಮ್ಲಜನಕದ ಜೊತೆ ಕಾರ್ಬನ್ ಮೋನಾಕ್ಸೈಡ್ ಆಗಿ ಕೂತಿರುತ್ತದೆ. ತಣ್ಣಗಾದರೆ ಮಾತ್ರ ಹೈಡ್ರೋಜನ್ ಜೊತೆ ಸೇರಿ ಮೀಥೇನ್ ಆಗುತ್ತದೆ. ಅಷ್ಟು ತಣ್ಣಗಿರುವ ನಕ್ಷತ್ರ ಇರಲು ಸಾಧ್ಯವೇ ಇಲ್ಲ. ವಾದ ಮುಗಿಯಿತು. ಹಿಂದಿನ ದೂರದ ನಕ್ಷತ್ರ ಇರಬಹುದೇನೋ ಎಂಬ ಅನುಮಾನವೂ ಅಲ್ಲಿಗೇ ಮುಗಿಯಿತು. ಒಂದು ಅಣುವಿನ ಸಹಿ ಇಷ್ಟು ಸ್ಪಷ್ಟವಾಗಿ ತೀರ್ಪು ಕೊಡುವುದು ಖಗೋಳದಲ್ಲಿ ಅಪರೂಪ. ನನಗೆ ಆ ಶೋಧದಲ್ಲಿ ತುಂಬ ಇಷ್ಟವಾದ ಭಾಗ ಇದೇ.

ನಕ್ಷತ್ರಗಳನ್ನು ಬಿಸಿಯ ಪ್ರಕಾರ ಅಕ್ಷರ ಕೊಟ್ಟು ಸಾಲು ಹಚ್ಚುವ ಪದ್ಧತಿ ಇದೆ. ಓ, ಬಿ, ಎ, ಎಫ್, ಜಿ, ಕೆ, ಎಂ. ಸೂರ್ಯ ಜಿ. ತುಂಬ ಕಾಲ ಎಂ ಅಕ್ಷರಕ್ಕೇ ಸಾಲು ಮುಗಿದಿತ್ತು. ಕೆಂಪು ಕುಬ್ಜಗಳು ಇಲ್ಲಿ ಬರುತ್ತವೆ. ನಮ್ಮ ಸುತ್ತಲಿನ ನಕ್ಷತ್ರಗಳಲ್ಲಿ ಮುಕ್ಕಾಲು ಪಾಲು ಇವೇ. ಆದರೂ ಬರಿಗಣ್ಣಿಗೆ ಒಂದೂ ಕಾಣದು. ಸೂರ್ಯನಿಗೆ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಕೂಡ. ಎಂ ನಕ್ಷತ್ರದ ರೋಹಿತದಲ್ಲಿ ಟೈಟಾನಿಯಂ ಆಕ್ಸೈಡಿನ ಪಟ್ಟಿಗಳು ಕಾಣುತ್ತವೆ. ಗೋಡೆಗೆ ಬಳಿಯುವ ಬಿಳಿ ಪೇಂಟಿನಲ್ಲಿ ಇರುವುದು ಇದರ ಸೋದರಸಂಬಂಧಿ. ಜೊತೆಗೆ ನೀರಾವಿ. ನಕ್ಷತ್ರದಲ್ಲಿ ನೀರು ಅಂದರೆ ವಿಚಿತ್ರ ಅನ್ನಿಸಬಹುದು. ನಮ್ಮ ಸೂರ್ಯನ ಕಪ್ಪು ಕಲೆಗಳಲ್ಲೂ ನೀರಾವಿಯ ಗುರುತು ಸಿಕ್ಕಿದೆ.

1990ರ ದಶಕದ ಕೊನೆಗೆ ಅವಗೆಂಪಿನಲ್ಲಿ ಇಡೀ ಆಕಾಶ ಜಾಲಾಡಿದಾಗ ಎಂಗಿಂತ ತಣ್ಣಗಿನವು ರಾಶಿ ಸಿಕ್ಕವು. ಎರಡು ಹೊಸ ಅಕ್ಷರ ಬೇಕಾಯಿತು: ಎಲ್ ಮತ್ತು ಟಿ.

ಎಲ್ ಗುಂಪು ಸುಮಾರು 2200ರಿಂದ 1300 ಕೆಲ್ವಿನ್. ಇಲ್ಲಿ ಟೈಟಾನಿಯಂ ಆಕ್ಸೈಡ್ ಮಾಯ. ಎಲ್ಲಿಗೆ ಹೋಯಿತು? ಗಟ್ಟಿಯಾಗಿ ಖನಿಜದ ಹರಳಾಯಿತು. ನಮ್ಮಲ್ಲಿ ನೀರಾವಿ ತಣ್ಣಗಾಗಿ ಮೋಡ ಕಟ್ಟುತ್ತದೆ. ಅಲ್ಲಿ ಕಲ್ಲಿನ ಆವಿ ತಣ್ಣಗಾಗಿ ಮೋಡ ಕಟ್ಟುತ್ತದೆ. ಅಲ್ಯುಮಿನಿಯಂ ಆಕ್ಸೈಡ್, ಅಂದರೆ ಮಾಣಿಕ್ಯ ನೀಲಗಳ ಮೂಲ ಖನಿಜ. ಆಮೇಲೆ ಕಬ್ಬಿಣ. ಆಮೇಲೆ ಸಿಲಿಕೇಟು, ಮರಳಿನ ಜಾತಿಯದು. ಕಬ್ಬಿಣದ ಹನಿಗಳು ಮಳೆಯಂತೆ ಕೆಳಕ್ಕೆ ಇಳಿಯುತ್ತವೆ ಅಂತ ಲೆಕ್ಕ ಹೇಳುತ್ತದೆ. ಆಗುಂಬೆಯ ಮಳೆಯೇ ವಾಸಿ. ಸಿಲಿಕೇಟ್ ಮೋಡದ ಗುರುತು 10 ಮೈಕ್ರಾನ್ ಸುತ್ತ ರೋಹಿತದಲ್ಲಿ ಸಿಕ್ಕಿದೆ. ಜೇಮ್ಸ್ ವೆಬ್ ದೂರದರ್ಶಕವೂ ಅದನ್ನು ನೋಡಿದೆ.

ಟಿ ಗುಂಪಿಗೆ ಬಂದರೆ ಈ ಮೋಡಗಳು ಕೆಳಗಿಳಿದು ಮರೆಯಾಗುತ್ತವೆ. ಮೇಲಿನ ಗಾಳಿ ತಿಳಿಯಾಗುತ್ತದೆ. ಮೀಥೇನ್ ಕಾಣಿಸಿಕೊಳ್ಳುತ್ತದೆ. ಗ್ಲೀಸೆ 229 ಬಿ ಇಲ್ಲಿನದು. ಎಲ್‌ನಿಂದ ಟಿಗೆ ದಾಟುವ ಗಡಿಯಲ್ಲಿ ಒಂದು ತಮಾಷೆ ಇದೆ. ತಣ್ಣಗಾಗುತ್ತಿದ್ದರೂ 1.25 ಮೈಕ್ರಾನಿನಲ್ಲಿ ಅದು ಇನ್ನಷ್ಟು ಪ್ರಕಾಶವಾಗಿ ಕಾಣುತ್ತದೆ. ಮುಳ್ಳಯ್ಯನಗಿರಿಯಲ್ಲಿ ಮಂಜು ಸರಿದಾಗ ಕೆಳಗಿನ ಊರಿನ ದೀಪ ಒಮ್ಮೆಲೇ ಕಾಣುತ್ತದಲ್ಲ, ಬಹುಶಃ ಅದೇ ಕಾರಣ. ಮೋಡ ಹರಿದು ಆಳದ ಬಿಸಿ ಹೊರಗೆ ಇಣುಕುತ್ತದೆ. ಈ ಗಡಿಯ ಕಂದು ಕುಬ್ಜಗಳು ತಿರುಗುವಾಗ ಗಂಟೆಗಂಟೆಗೂ ಪ್ರಕಾಶ ಏರಿಳಿಯುವುದುಂಟು. ತೂತು ತೂತು ಮೋಡ ಸುತ್ತುತ್ತಿದೆ ಅಂತ ಅರ್ಥ.

2011ರಲ್ಲಿ ವೈ ಎಂಬ ಇನ್ನೊಂದು ಅಕ್ಷರ ಸೇರಿತು. ವೈಸ್ ಎಂಬ ಅವಗೆಂಪು ಉಪಗ್ರಹ ಹುಡುಕಿಕೊಟ್ಟವು ಇವು. 500 ಕೆಲ್ವಿನಿಗಿಂತ ಕಡಿಮೆ. ಅಮೋನಿಯಾದ ಸಹಿ ಬರುವುದು ಈ ಚಳಿಯಲ್ಲಿ. 2014ರಲ್ಲಿ ಕೆವಿನ್ ಲೂಮನ್ ಗುರುತಿಸಿದ ವೈಸ್ 0855 ಅಂತೂ ಈವರೆಗೆ ಗೊತ್ತಿರುವವುಗಳಲ್ಲಿ ಅತಿ ತಣ್ಣಗಿನದು. ನಮ್ಮಿಂದ ಸುಮಾರು ಏಳೂವರೆ ಜ್ಯೋತಿರ್ವರ್ಷ. ಇಷ್ಟು ಹತ್ತಿರದ್ದು ಅಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ. ಅಕ್ಷರ ಹೇಳುವುದು ಈಗಿನ ಬಿಸಿಯನ್ನು. ಕುಲವನ್ನಲ್ಲ. ಎಂ ಅಕ್ಷರ ಬಿದ್ದ ಮಾತ್ರಕ್ಕೆ ಅದು ನಕ್ಷತ್ರ ಅನ್ನುವ ಹಾಗಿಲ್ಲ. ಕೃತ್ತಿಕೆಯ ಗುಂಪಿನಲ್ಲಿ ಟೈಡ್ 1 ಅಂತ ಒಂದಿದೆ. 1995ರಲ್ಲೇ ಸ್ಪೇನಿನವರು ಕಂಡುಹಿಡಿದದ್ದು. ರೋಹಿತ ಎಂ ಗುಂಪಿನದು, ಆದರೆ ಅದು ಕಂದು ಕುಬ್ಜ. ಇನ್ನೂ ಎಳೆಯದು, ಬಿಸಿ ಆರಿಲ್ಲ ಅಷ್ಟೇ. ಅದನ್ನು ಹಿಡಿದುಕೊಟ್ಟದ್ದು ಲಿಥಿಯಂ, ನಮ್ಮ ಮೊಬೈಲ್ ಬ್ಯಾಟರಿಯ ಲಿಥಿಯಂ. ಕೆಂಪು ಕುಬ್ಜದಂಥ ನಿಜವಾದ ನಕ್ಷತ್ರದ ಒಲೆ ಹುಟ್ಟಿದ ಕೆಲ ಕೋಟಿ ವರ್ಷಗಳಲ್ಲೇ ತನ್ನ ಲಿಥಿಯಂ ಸುಟ್ಟು ಮುಗಿಸುತ್ತದೆ. ಗುರುವಿನ ಸುಮಾರು 60 ಪಟ್ಟಿಗಿಂತ ಹಗುರದವಕ್ಕೆ ಅದನ್ನು ಸುಡುವಷ್ಟೂ ಬಿಸಿ ಇಲ್ಲ. ಹಾಗಾಗಿ ಲಿಥಿಯಂ ಉಳಿದುಕೊಂಡಿದ್ದರೆ ಕಂದು ಕುಬ್ಜ. ಈ ಗೆರೆ ಮಾತ್ರ ಅವಗೆಂಪಿನಲ್ಲಿಲ್ಲ. 0.67 ಮೈಕ್ರಾನಿನ ಕಡುಗೆಂಪಿನಲ್ಲಿದೆ.

ವಯಸ್ಸಿಗೆ ಅವಗೆಂಪಿನಲ್ಲೂ ಗುರುತಿದೆ. ಎಳೆಯ ಕಂದು ಕುಬ್ಜ ಇನ್ನೂ ಪೂರ್ತಿ ಕುಗ್ಗಿರುವುದಿಲ್ಲ. ಉಬ್ಬಿಕೊಂಡಿರುತ್ತದೆ. ಮೇಲ್ಮೈಯ ಸೆಳೆತ ಕಡಿಮೆ, ಗಾಳಿಯ ಒತ್ತಡವೂ ಕಡಿಮೆ. ಒತ್ತಡ ಕಡಿಮೆ ಇದ್ದರೆ ಸೋಡಿಯಂ, ಪೊಟ್ಯಾಸಿಯಂ ಗೆರೆಗಳು ತೆಳ್ಳಗಾಗುತ್ತವೆ. 1.65 ಮೈಕ್ರಾನ್ ಸುತ್ತಲಿನ ಬೆಳಕಿನ ದಿಬ್ಬ, ವಯಸ್ಸಾದವಲ್ಲಿ ದುಂಡಗೆ ಇರುವುದು, ಇಲ್ಲಿ ಹೆಂಚಿನ ಮನೆಯ ಸೂರಿನ ಹಾಗೆ ಚೂಪು ತ್ರಿಕೋನ ಆಗುತ್ತದೆ. ಅಭ್ಯಾಸ ಇದ್ದವರು ಗ್ರಾಫ್ ನೋಡಿದ ಕೂಡಲೇ ಇದು ಮರಿ ಅನ್ನುತ್ತಾರೆ.

ಈಗ ಕೆಲಸದ ಕಷ್ಟ ನೋಡಿ. ಕಂದು ಕುಬ್ಜದ ಗಾಳಿಯಲ್ಲಿ ನೀರಾವಿ ಹುಡುಕಬೇಕು. ಮಧ್ಯದಲ್ಲಿ ಅಡ್ಡ ನಿಂತಿರುವುದು ಯಾರು? ನಮ್ಮದೇ ಗಾಳಿಯ ನೀರಾವಿ. ಅದೂ ಅದೇ 1.4, ಅದೇ 1.9ರಲ್ಲಿ ಬೆಳಕು ತಿನ್ನುತ್ತದೆ. ಜೂನ್‌ನಲ್ಲಿ ಕೊಟ್ಟಿಗೆಹಾರದಲ್ಲಿ ನಿಂತು ಈ ಕೆಲಸ ಮಾಡಲು ಹೊರಟರೆ ದೇವರೇ ಗತಿ. ನೆಲದಿಂದ ನೋಡಲು ಸಿಗುವುದು ಕೆಲವು ಕಿಟಕಿಗಳು ಮಾತ್ರ: 1.25, 1.65, 2.2 ಮೈಕ್ರಾನ್ ಸುತ್ತ. ಆದ್ದರಿಂದಲೇ ಒಣ ಗಾಳಿಯ ಎತ್ತರ ಹುಡುಕಿಕೊಂಡು ಹೋಗುತ್ತಾರೆ. ಹವಾಯಿಯ ಮೌನಾ ಕಿಯಾ 4200 ಮೀಟರ್. ಲಡಾಖಿನ ಹಾನ್ಲೆ 4500 ಮೀಟರ್. ನಮ್ಮ ಮುಳ್ಳಯ್ಯನಗಿರಿ 1930 ಮೀಟರ್. ಕರ್ನಾಟಕಕ್ಕೆ ಅದೇ ಎತ್ತರ, ಆದರೆ ವರ್ಷದ ಅರ್ಧ ಮೋಡದೊಳಗೆ ಕೂತಿರುತ್ತದೆ.

ಹಾನ್ಲೆಯಲ್ಲಿ ಎರಡು ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕ ಇದೆ. ಅದನ್ನು ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದಲ್ಲಿ. ಅದಕ್ಕೆ ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್ ಕಟ್ಟಿದ ಅವಗೆಂಪು ರೋಹಿತದರ್ಶಕ ಜೋಡಿಸಿದ್ದಾರೆ. ಹೆಸರು ಟಿರ್‌ಸ್ಪೆಕ್. ಉತ್ತರಾಖಂಡದ ದೇವಸ್ಥಲದ 3.6 ಮೀಟರ್ ದೂರದರ್ಶಕದಲ್ಲಿ ಟ್ಯಾನ್‌ಸ್ಪೆಕ್ ಇದೆ. ಅದು 0.55ರಿಂದ 2.5 ಮೈಕ್ರಾನ್ ತನಕ ನೋಡುತ್ತದೆ. ಒಂದು ಸಣ್ಣ ಸೀಳಿನಿಂದ ಬೆಳಕು ಒಳಗೆ ಬಿಟ್ಟು, ಪಟ್ಟಕದಿಂದಲೋ ಒತ್ತೊತ್ತಾಗಿ ಗೀರಿದ ಫಲಕದಿಂದಲೋ ಹರಡುತ್ತಾರೆ. ಸಿಡಿಯ ಮೇಲೆ ಕಾಮನಬಿಲ್ಲು ಮೂಡುವುದು ಇಂಥ ಗೀರುಗಳಿಂದಲೇ.

ಹರಡಿದ ಬೆಳಕನ್ನು ಹಿಡಿಯಲು ಮೊಬೈಲ್ ಕ್ಯಾಮೆರಾದ ಸಿಲಿಕಾನ್ ಚಿಪ್ ಸಾಲದು. ಟಿವಿ ರಿಮೋಟಿನ ತುದಿಯನ್ನು ಮೊಬೈಲಿನಲ್ಲಿ ನೋಡಿ ಬಟನ್ ಒತ್ತಿ. ಕೆಲವು ಮೊಬೈಲಿನಲ್ಲಿ ಬೆಳಕು ಮಿನುಗುತ್ತದೆ. ಅದು 0.94 ಮೈಕ್ರಾನ್. ಸಿಲಿಕಾನಿನ ಕಣ್ಣು 1.1ಕ್ಕೆ ಮುಚ್ಚುತ್ತದೆ. ಆಚೆಗೆ ಪಾದರಸ, ಕ್ಯಾಡ್ಮಿಯಂ, ಟೆಲ್ಯುರಿಯಂ ಸೇರಿಸಿದ ಬೇರೆ ಚಿಪ್ ಬೇಕು. ಅದನ್ನು ಮೈನಸ್ 200 ಡಿಗ್ರಿಯ ಆಸುಪಾಸಿಗೆ ತಣಿಸಬೇಕು. ಇಲ್ಲದಿದ್ದರೆ ಉಪಕರಣದ ಸ್ವಂತ ಬಿಸಿಯೇ ಅದರ ಕಣ್ಣು ಕುಕ್ಕುತ್ತದೆ. ಸುಡುವ ಟಾರ್ಚಿನೊಳಗೆ ಕೂತು ಮಿಣುಕುಹುಳ ಹುಡುಕಿದ ಹಾಗೆ.

ರಾತ್ರಿಯ ಆಕಾಶವೂ ಅವಗೆಂಪಿನಲ್ಲಿ ಕಪ್ಪಲ್ಲ. ಸುಮಾರು 90 ಕಿಲೋಮೀಟರ್ ಮೇಲೆ ಹೈಡ್ರಾಕ್ಸಿಲ್ ಅಣುಗಳು ಹೊಳೆಯುತ್ತಲೇ ಇರುತ್ತವೆ. ಅದನ್ನು ಕಳೆಯಲು ಒಂದು ಉಪಾಯ ಇದೆ. ನಕ್ಷತ್ರವನ್ನು ಸೀಳಿನ ಒಂದು ಕಡೆ ಇಟ್ಟು ಒಂದು ಚಿತ್ರ, ಸ್ವಲ್ಪ ಸರಿಸಿ ಇನ್ನೊಂದು ಚಿತ್ರ. ಒಂದರಿಂದ ಒಂದನ್ನು ಕಳೆದರೆ ಆಕಾಶದ ಹೊಳಪು ಹೋಗುತ್ತದೆ, ನಕ್ಷತ್ರ ಉಳಿಯುತ್ತದೆ.

ನಮ್ಮ ಗಾಳಿ ತಿಂದ ಬೆಳಕಿನ ಲೆಕ್ಕವನ್ನು ಮಾತ್ರ ಕಾಫಿ ವ್ಯಾಪಾರಿಯ ಹಾಗೆಯೇ ತೆಗೆಯುತ್ತಾರೆ. ತುಂಬಿದ ಚೀಲ ತೂಗಿದ ಮೇಲೆ ಖಾಲಿ ಗೋಣಿಯ ತೂಕ ಕಳೆಯುವುದಿಲ್ಲವೇ? ಇಲ್ಲಿ ಖಾಲಿ ಗೋಣಿ ಅಂದರೆ ಎ ಗುಂಪಿನ ಬಿಸಿ ನಕ್ಷತ್ರ. ಅದರ ರೋಹಿತ ಸಪಾಟು. ಹೈಡ್ರೋಜನ್ ಗೆರೆ ಬಿಟ್ಟರೆ ಬೇರೆ ದೊಡ್ಡ ಸಹಿ ಇಲ್ಲ. ನೀರಾವಿಯಂತೂ ಇಲ್ಲವೇ ಇಲ್ಲ. ಕಂದು ಕುಬ್ಜದ ಹತ್ತಿರವೇ ಇರುವ ಅಂಥ ನಕ್ಷತ್ರವನ್ನು, ಅದೇ ರಾತ್ರಿ, ಅದೇ ಎತ್ತರದಲ್ಲಿ ನೋಡಿ. ಅದರಲ್ಲಿ ನೀರಿನ ಹೊಂಡ ಕಂಡರೆ ಅದು ನಮ್ಮ ಗಾಳಿಯದ್ದೇ. ಇದರಿಂದ ಭಾಗಿಸಿದರೆ ಕಂದು ಕುಬ್ಜದ್ದು ಮಾತ್ರ ಉಳಿಯುತ್ತದೆ. ಅದರ ನೀರಾವಿ ತುಂಬ ಬಿಸಿ ಇರುವುದರಿಂದ ಅದು ತೋಡುವ ಹೊಂಡ ನಮ್ಮ ಗಾಳಿಯ ಹೊಂಡಕ್ಕಿಂತ ಅಗಲ. ಅಂಚು ನಮ್ಮ ಕಿಟಕಿಯೊಳಗೂ ಚಾಚಿರುತ್ತದೆ. ಆ ಅಂಚು ಸಿಕ್ಕರೂ ಸಾಕು.

ಈ ರಗಳೆಯೇ ಬೇಡ ಅಂತ 2021ರ ಡಿಸೆಂಬರ್ 25ರಂದು ಜೇಮ್ಸ್ ವೆಬ್ ದೂರದರ್ಶಕವನ್ನು ಹಾರಿಸಿದರು. ಅದು 15 ಲಕ್ಷ ಕಿಲೋಮೀಟರ್ ದೂರದಲ್ಲಿ, ಗಾಳಿ ಇಲ್ಲದ ಕಡೆ ಕೂತಿದೆ. 28 ಮೈಕ್ರಾನ್ ತನಕ ಕಿಟಕಿ ಬಾಗಿಲು ಏನೂ ಇಲ್ಲದೆ ಪೂರ್ತಿ ರೋಹಿತ ಸಿಗುತ್ತದೆ.

ಕಣದ ಮೇಲೆ ನಾನು ಹುಡುಕುತ್ತಿದ್ದ ಚುಕ್ಕಿಗೆ ಮರಳೋಣ. ಗ್ಲೀಸೆ 229 ಬಿಯದು ಒಂದು ತಕರಾರು ಉಳಿದಿತ್ತು. ಅದು ಪಕ್ಕದ ಕೆಂಪು ಕುಬ್ಜವನ್ನು, ಅಂದರೆ ಗ್ಲೀಸೆ 229ನ್ನು, ಎಷ್ಟು ಎಳೆದಾಡುತ್ತದೆ ಅಂತ ನೋಡಿ ತೂಗಿದಾಗ ಗುರುವಿನ ಸುಮಾರು 70 ಪಟ್ಟು ಬಂತು. ನಕ್ಷತ್ರದ ಗಡಿಗೆ ಹತ್ತಿರ. ಅಷ್ಟು ತೂಕದ್ದು ಈಗಿರುವುದಕ್ಕಿಂತ ತುಂಬ ಬಿಸಿಯಾಗಿ, ಪ್ರಕಾಶವಾಗಿ ಇರಬೇಕಿತ್ತು. ಚೀಲದ ತೂಕಕ್ಕೂ ಓಟಿಗೂ ತಾಳೆ ಆಗಲಿಲ್ಲ. ಲೆಕ್ಕ ತಪ್ಪಾ, ಸಿದ್ಧಾಂತ ತಪ್ಪಾ ಅಂತ ವರ್ಷಗಟ್ಟಲೆ ಚರ್ಚೆ ನಡೆಯಿತು.

ಉತ್ತರ ಬಂದದ್ದು 2024ರಲ್ಲಿ. ಚಿಲಿ ದೇಶದ ವಿಎಲ್‌ಟಿ ದೂರದರ್ಶಕಗಳಲ್ಲಿ ಎರಡು ಉಪಕರಣ ಬಳಸಿದರು. ನಾಲ್ಕು ದೂರದರ್ಶಕಗಳ ಬೆಳಕು ಸೇರಿಸುವ ಗ್ರಾವಿಟಿ ಒಂದು. ಅವಗೆಂಪು ಬೆಳಕನ್ನು ಬಹಳ ಸೂಕ್ಷ್ಮವಾಗಿ ಬಿಡಿಸುವ ಕ್ರೈರೆಸ್ ಪ್ಲಸ್ ಇನ್ನೊಂದು. ಅಣುಗಳ ಗೆರೆಗಳು ಒಮ್ಮೆ ಕೆಂಪಿನ ಕಡೆ, ಒಮ್ಮೆ ನೀಲಿಯ ಕಡೆ ಸರಿಯುತ್ತಿದ್ದವು. ಹತ್ತಿರ ಬರುವ ಬಸ್ಸಿನ ಹಾರ್ನ್ ಕೀರಲಾಗಿ, ದೂರ ಹೋಗುವಾಗ ದಪ್ಪ ಆಗುತ್ತದಲ್ಲ, ಅದೇ ತತ್ವ. ಅಂದರೆ ಅಲ್ಲಿರುವುದು ಒಂದಲ್ಲ. ಗುರುವಿನ ಸುಮಾರು 38 ಪಟ್ಟು ತೂಕದ್ದೊಂದು, 34 ಪಟ್ಟಿನದೊಂದು. ಎರಡೂ 12 ದಿನಕ್ಕೊಮ್ಮೆ ಒಂದನ್ನೊಂದು ಸುತ್ತುತ್ತಿವೆ. ಸುಮಾರು 30 ವರ್ಷ ಒಂದೇ ಹೆಸರಿನಲ್ಲಿ ಇಬ್ಬರು ಹಾಜರಿ ಹಾಕುತ್ತಿದ್ದರು.

ಇದನ್ನು ಇಷ್ಟು ಉದ್ದ ಅಲ್ಲದಿದ್ದರೂ ದೊಡ್ಡಪ್ಪನಿಗೆ ಹೇಳಿದೆ. ಬೈನಾಕ್ಯುಲರ್ ತಗೊಂಡು ಲುಬ್ಧಕನ ಕಡೆ ಹಿಡಿದರು. ಬೀಡಿ ಆರಿಹೋಗುವಷ್ಟು ಹೊತ್ತು ನೋಡಿದರು.

"ಹಂಗಾದ್ರೆ ನೀನು ಒಂದು ಕಂಡೆ ಅಂದ ಕಡೆ ಮೂರು ಇದಾವೆ."

"ಹೌದು ದೊಡ್ಡಪ್ಪ. ಒಂದು ಉರಿಯೋದು, ಎರಡು ಆರೋದು."

"ನಂಗೆ ಒಂದೂ ಕಾಣ್ತಿಲ್ಲ ಮಾರಾಯ," ಅಂತ ಬೈನಾಕ್ಯುಲರ್ ವಾಪಸ್ ಕೊಟ್ಟು, ಟಾರ್ಚ್ ಹಿಡಿದು ಕಣದ ಆಚೆ ಬದಿಗೆ ಒಂದು ಸುತ್ತು ಹಾಕಲು ಹೊರಟರು.